ಜಕ್ಕೂರಿನಿಂದ ರಾಚೇನಹಳ್ಳಿಗೆ, ಕಾಲುವೆ ದಾರಿಯಲ್ಲಿ

ಜಕ್ಕೂರು ಕೆರೆ ನೋಡಲು ಬೆಂಗಳೂರಿನವರು ಬೇಕಾದಷ್ಟು ಜನ ಹೋಗುತ್ತಾರೆ. ಏರಿ ಮೇಲೆ ಒಂದು ಸುತ್ತು ನಡೆದು, ಹೆಜ್ಜಾರ್ಲೆಗಳ ಫೋಟೊ ತೆಗೆದು ವಾಪಸ್ ಬರುತ್ತಾರೆ. ಅಲ್ಲಿಂದ ನೀರು ಮುಂದೆ ಎಲ್ಲಿಗೆ ಹೋಗುತ್ತದೆ ಅಂತ ಅದರ ಜೊತೆಗೇ ನಡೆಯುವವರು ಕಡಿಮೆ. ಈ ಭಾನುವಾರ ಕಾಲುವೆಯ ಹೂಳೆತ್ತಲು ನಾವೊಂದಷ್ಟು ಜನ ಹಿಡಿದದ್ದು ಆ ದಾರಿ. ಕೈಯಲ್ಲಿ ಸನಿಕೆ, ಬಾಂಡ್ಲಿ, ಕಾಲಿಗೆ ಗಂಬೂಟು.

ಜಕ್ಕೂರಿಗೆ ಮೇಲಿನಿಂದ, ಯಲಹಂಕ ಕೆರೆ ಕಡೆಯಿಂದ ನೀರು ಬರುತ್ತದೆ. ಕೆರೆಯ ತಲೆಭಾಗದಲ್ಲೇ ಕೊಳಚೆ ನೀರು ಶುದ್ಧ ಮಾಡುವ ಘಟಕವಿದೆ. ಅಲ್ಲಿಂದ ಬಿಟ್ಟ ನೀರು ಜೊಂಡು ಬೆಳೆದ ಜೌಗಿನಲ್ಲಿ ನಿಧಾನಕ್ಕೆ ಸೋಸಿಕೊಂಡು ಕೆರೆ ಸೇರುತ್ತದೆ. ತುಂಬಿದರೆ ಕೋಡಿ ಬಿದ್ದು ರಾಚೇನಹಳ್ಳಿ ಕೆರೆಗೆ. ಹೀಗೇ ಹೆಬ್ಬಾಳ ಕಣಿವೆ ಉದ್ದಕ್ಕೂ ಇಳಿದು ಕೊನೆಗೆ ದಕ್ಷಿಣ ಪಿನಾಕಿನಿ ನದಿಗೆ. ನಮ್ಮೂರಿಗೆ ದೊಡ್ಡ ನದಿ ಇಲ್ಲ. ಸುಮಾರು 900 ಮೀಟರ್ ಎತ್ತರದಲ್ಲಿ ಕೂತ ಊರಿಗೆ ಬಿದ್ದ ಮಳೆಯೇ ಆಧಾರ ಅಂತ ಹಿಂದಿನವರು ಕೆರೆಗೆ ಕೆರೆ ಜೋಡಿಸಿದರು. ನಾವು ಕೆರೆಗಳಿಗೆ ಬೇಲಿ, ಬೆಂಚು ಹಾಕಿಸಿ ಕಾಲುವೆಗಳನ್ನು ಮರೆತೆವು. 2022ರ ಮಳೆಗೆ ಮಹದೇವಪುರ ಕಡೆಯ ಬಡಾವಣೆಗಳಿಂದ ಜನರನ್ನು ದೋಣಿ, ಟ್ರ್ಯಾಕ್ಟರ್‌ಗಳಲ್ಲಿ ಕರೆತಂದದ್ದನ್ನು ನೋಡಿದ್ದೇವಲ್ವಾ?

ದೊಡ್ಡ ರಾಜಕಾಲುವೆಗೆ ಜೆಸಿಬಿಯೇ ಬೇಕು. ನಾವು ಇಳಿದದ್ದು ರಾಚೇನಹಳ್ಳಿ ಕಡೆ ಮಳೆನೀರು ಒಯ್ಯುವ ಒಂದು ಕಿರುಗಾಲುವೆಗೆ. ಪಕ್ಕದಲ್ಲಿ ಎಮ್ಮೆ ಮೇಯಿಸುತ್ತಿದ್ದ ಒಬ್ಬರನ್ನು "ಎಲ್ಲಿಂದ ಶುರು ಮಾಡೋಣ ತಾತ?" ಅಂತ ಕೇಳಿದೆವು.

"ಕೆಳಗಿಂದ ಬನ್ರಪ್ಪಾ. ನೀರಿಗೆ ಮೊದ್ಲು ದಾರಿ ಬಿಡಿ, ಆಮೇಲೆ ಮೇಲಿನ ಹೂಳು ತಾನಾಗೇ ಗಟ್ಟಿಯಾಗುತ್ತೆ" ಅಂದರು.

ಹಾಗೇ ಆಯಿತು. ಮೇಲ್ಗಡೆ ಮರಳು ಮೂಟೆ ಇಟ್ಟು ಅಡ್ಡಗಟ್ಟೆ ಮಾಡಿ, ಕೆಳತುದಿಯಿಂದ ಎತ್ತುತ್ತಾ ಬಂದೆವು. ಮೊದಲು ಸಿಕ್ಕಿದ್ದು ಬರೀ ಪ್ಲಾಸ್ಟಿಕ್. ಹಾಲಿನ ಕವರು, ಸಿಮೆಂಟ್ ಚೀಲ, ಹರಿದ ಸೀರೆ, ಒಂದಕ್ಕೊಂದು ಹೆಣೆದುಕೊಂಡು ಸನಿಕೆಗೇ ಬಗ್ಗುವುದಿಲ್ಲ; ಕುಡುಗೋಲಿನಲ್ಲಿ ಕೊಯ್ಯಬೇಕು. ಅದರ ಕೆಳಗೆ ಕಪ್ಪು ಹೂಳು. ಮೊಣಕಾಲುದ್ದ, ಕೆಟ್ಟ ವಾಸನೆ. ಸಾಲಾಗಿ ನಿಂತು ಬಾಂಡ್ಲಿ ಕೈ ಬದಲಾಯಿಸಿದೆವು. ಕಾಲೇಜು ಹುಡುಗಿಯರು, ಒಬ್ಬ ಆಟೊ ಚಾಲಕ, ನಿವೃತ್ತ ಮೇಷ್ಟ್ರು, ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ. ಹತ್ತೂವರೆ ಹೊತ್ತಿಗೆ ಹಾರೆ ಟಣ್ ಅಂದಿತು. ಕೈಯಲ್ಲಿ ತಡವಿದರೆ ಜೋಡಿಸಿಟ್ಟ ಕಲ್ಲು! ಒಂದಕ್ಕೊಂದು ಕಚ್ಚಿಕೊಂಡು ಕೂತಿದೆ, ಸಿಮೆಂಟಿಲ್ಲ, ಸಂದಿನಲ್ಲಿ ನೀರು ಇಂಗುತ್ತದೆ. ಇದರ ಮೇಲೆ ಕಾಂಕ್ರೀಟ್ ಸುರಿಯಬಾರದು ಅಂತ ನನಗೆ ಗಟ್ಟಿಯಾಗಿ ಅನ್ನಿಸಿತು.

ಎತ್ತಿದ ಹೂಳನ್ನು ದಡದಲ್ಲೇ ಬಿಟ್ಟರೆ ಮುಂದಿನ ಮಳೆಗೆ ಮತ್ತೆ ಒಳಗೇ. ಅದಕ್ಕೇ ಟ್ರ್ಯಾಕ್ಟರ್ ಹೇಳಿದ್ದೆವು. ತಾತನ ಕಾಲದಲ್ಲಿ ಕೆರೆಗೋಡು, ಅಂದರೆ ಕೆರೆಯ ಹೂಳು ಮಣ್ಣು, ಸಿಕ್ಕರೆ ರೈತರು ಗಾಡಿ ಕಟ್ಟಿಕೊಂಡು ಬಂದು ಹೊಲಕ್ಕೆ ಹೊಡೆದುಕೊಳ್ಳುತ್ತಿದ್ದರಂತೆ. ಈಗಿನ ಈ ಹೂಳನ್ನು ಪರೀಕ್ಷೆ ಮಾಡಿಸದೆ ತರಕಾರಿ ಬೆಳೆಯುವ ನೆಲಕ್ಕೆ ಹಾಕುವ ಹಾಗಿಲ್ಲ, ಅಷ್ಟು ಕೊಳಚೆ ಸೇರಿದೆ. ಇದು ನನಗೆ ತುಂಬಾ ಬೇಜಾರು ತಂದ ವಿಷಯ.

ಮಧ್ಯಾಹ್ನ ಚಿತ್ರಾನ್ನ ತಿಂದು ಅಡ್ಡಗಟ್ಟೆ ಬಿಚ್ಚಿದೆವು. ನೀರು ಕಲ್ಲಿನ ಮೇಲೆ ಹರಿದು ರಸ್ತೆ ಕೆಳಗಿನ ಮೋರಿವರೆಗೆ ಹೋಗಿ ನಿಂತಿತು. ಮೋರಿ ಒಳಗೆ ಪೂರ್ತಿ ಕಟ್ಟಿಕೊಂಡಿದೆ. ಅದರೊಳಗೆ ಮನುಷ್ಯರು ಇಳಿಯಬಾರದು, ರಭಸವಾಗಿ ನೀರು ಹಾಯಿಸಿ ಕಟ್ಟಿಕೊಂಡದ್ದನ್ನು ಬಿಡಿಸುವ ಜೆಟ್ಟಿಂಗ್ ಮಷಿನ್ನೇ ಬರಬೇಕು. ವಾರ್ಡ್ ಕಚೇರಿಗೆ ಅರ್ಜಿ ಕೊಟ್ಟಾಗಿದೆ. ಮಷಿನ್ ಬರುವಷ್ಟರಲ್ಲಿ ಮೋರಿ ಆಚೆಗಿನ ಭಾಗದ ಹೂಳು ತೆಗೆಯಬೇಕು. ಬರುವವರು ಗಂಬೂಟು, ದಪ್ಪ ಗ್ಲೌಸ್ ತನ್ನಿ. ಸನಿಕೆ, ಬಾಂಡ್ಲಿ ನಮ್ಮಲ್ಲಿವೆ.