ಹತ್ತು ಪಟ್ಟು ದೊಡ್ಡ ಕಿವಿ ತಮಟೆ: ಈಗ ತೇಪೆಗಳ ಸರದಿ

ನಾನು ಮಾಡುತ್ತಿರುವ ಕಿವಿಯ ಮಾದರಿಗೆ ಕೊನೆಗೂ ತಮಟೆ ಬಂತು. ನಮ್ಮ ಕಿವಿ ತಮಟೆ ಸುಮಾರು 9 ಮಿ.ಮೀ. ಅಗಲ, 0.1 ಮಿ.ಮೀ. ದಪ್ಪ. ಹಾಗಾಗಿ ಇಲ್ಲಿ 9 ಸೆಂ.ಮೀ. ಬಳೆಗೆ 1 ಮಿ.ಮೀ. ರಬ್ಬರ್ ಹಾಳೆ ಬಿಗಿದಿದ್ದೇನೆ. ನಿಜವಾದದ್ದರಲ್ಲಿ ಮೂರು ಪದರ: ಹೊರಗೆ ಚರ್ಮ, ನಡುವೆ ನಾರು, ಒಳಗೆ ಲೋಳೆಪೊರೆ. ನನ್ನದರಲ್ಲಿ ಒಂದೇ. ಮಾದರಿ ಅಲ್ವಾ, ನಡೆಯುತ್ತದೆ.

ಹಾಳೆಯ ಕೆಳಭಾಗದಲ್ಲಿ ತೂತು ಕೊರೆದು, ತೇಪೆಯನ್ನು ಒಳಗಿನಿಂದ ಇಟ್ಟೆ. ತೂತಾದ ತಮಟೆಗೆ ತೇಪೆ ಹಾಕುವ ಆಪರೇಷನ್‌ನಲ್ಲೂ ಹೆಚ್ಚಾಗಿ ಹೀಗೆಯೇ. ಮೊದಲು ತೂತಿನ ಅಂಚನ್ನು ಕೆರೆದು ಹಸಿಯಾಗಿಸುತ್ತಾರೆ. ತೇಪೆ ಜಾರದಂತೆ ಹಿಂದೆ ಜೆಲ್‌ಫೋಮ್ ಎಂಬ ಜೆಲಟಿನ್ ಸ್ಪಂಜು ತುಂಬುತ್ತಾರೆ, ಅದು ತಾನಾಗಿ ಕರಗುತ್ತದೆ. ನನಗೆ ಮಾಮೂಲಿ ಸ್ಪಂಜು ಸಾಕಾಯಿತು. ಪರೀಕ್ಷೆಗೆ ಮುಂಚೆ ತೆಗೆದೆ. ತೇಪೆಯ ಕೆಲಸ ಬರೀ ತೂತು ಮುಚ್ಚುವುದಲ್ಲ. ತಮಟೆಯ ಜೀವಕೋಶಗಳು ಹಬ್ಬಿಕೊಳ್ಳಲು ಅದು ಚಪ್ಪರದ ಹಾಗೆ.

1950ರ ದಶಕದ ಆರಂಭದಲ್ಲಿ ಜರ್ಮನಿಯ ವುಲ್‌ಸ್ಟೈನ್ ಮತ್ತು ಜೋಲ್ನರ್ ಚರ್ಮವನ್ನೇ ತೇಪೆಯಾಗಿ ಬಳಸಿದರು. ಆದರೆ ಚರ್ಮ ಎಲ್ಲಿ ಹಾಕಿದರೂ ಸಿಪ್ಪೆ ಉದುರಿಸುತ್ತದೆ, ಸೋಂಕಿಗೂ ದಾರಿ. ಆಮೇಲೆ ಬಂದ ಟೆಂಪೊರಾಲಿಸ್ ಫ್ಯಾಸಿಯಾ ಇವತ್ತಿಗೂ ಹೆಚ್ಚು ಬಳಕೆಯಲ್ಲಿದೆ. ಇದು ಕಿವಿಯ ಮೇಲಿನ ಸ್ನಾಯುವಿನ ಹೊದಿಕೆ. ಆಪರೇಷನ್‌ಗೆಂದು ಕಿವಿ ಹಿಂದೆ ಕೊಯ್ದ ಅದೇ ಗಾಯದಿಂದ ಸಿಗುತ್ತದೆ, ತೆಳು, ಬೇಕಾದಷ್ಟು ದೊಡ್ಡ ತುಂಡು. ಒಂದು ತಕರಾರು: ಕುಗ್ಗುತ್ತದೆ. ಅದಕ್ಕೇ ತೂತಿಗಿಂತ ಜಾಸ್ತಿ ಅಗಲಕ್ಕೆ ಕತ್ತರಿಸುತ್ತಾರೆ.

ಫ್ಯಾಸಿಯಾ ಬದಲು ಬಲೂನಿನ ತುಂಡು ಅಂಟಿಸಿದೆ. ಮಾದರಿಯನ್ನು ಮಲಗಿಸಿ, ಮೇಲೆ ಉಪ್ಪು ಚೆಲ್ಲಿ, ಸ್ಪೀಕರ್ ಹಿಡಿದರೆ ಉಪ್ಪು ಚೆನ್ನಾಗಿ ಕುಣಿಯಿತು. ಆಮೇಲೆ ತಮಟೆಯ ಹಿಂದೆ ನಡುಗಿವಿಯ ಬದಲಿಗಿರುವ ಡಬ್ಬಿಯಿಂದ ಸಿರಿಂಜಿನಲ್ಲಿ ಗಾಳಿ ಎಳೆದೆ. ಬಲೂನು ಒಳಕ್ಕೆ ಚೀಲದಂತೆ ಜೋತು ಬಿತ್ತು. ಮೂಗಿನ ಹಿಂಭಾಗದಿಂದ ಕಿವಿಗೆ ಗಾಳಿ ಕೊಡುವ ಯೂಸ್ಟೇಷಿಯನ್ ನಳಿಕೆ ಸರಿಯಿಲ್ಲದವರಲ್ಲಿ ಆಗುವುದೂ ಇದೇ.

ಅಂಥವರಿಗೆ ಕಾರ್ಟಿಲೇಜ್, ಅಂದರೆ ಮೆದು ಎಲುಬಿನ ತೇಪೆ ಒಳ್ಳೆಯದು. ಕಿವಿ ತೂತಿನ ಮುಂದೆ ಚಾಚಿಕೊಂಡಿರುವ ಟ್ರೇಗಸ್‌ನಿಂದ ಅಥವಾ ಕಿವಿಯ ಬಟ್ಟಲಿನಿಂದ ತೆಗೆಯುತ್ತಾರೆ. ಟ್ರೇಗಸ್‌ನದು ಸುಮಾರು 1 ಮಿ.ಮೀ. ದಪ್ಪ, ಅಂದರೆ ನನ್ನ ಲೆಕ್ಕದಲ್ಲಿ 10 ಮಿ.ಮೀ. ಫೋಮ್ ಶೀಟ್. ಸಿರಿಂಜ್ ಎಷ್ಟು ಎಳೆದರೂ ಜಗ್ಗಲಿಲ್ಲ. ಆದರೆ ಅದರ ಮೇಲಿನ ಉಪ್ಪೂ ಅಲ್ಲಾಡಲಿಲ್ಲ! 5 ಮಿ.ಮೀ. ಶೀಟ್ ಹಾಕಿದಾಗ ಸ್ವಲ್ಪ ಕುಣಿತ ಬಂತು, ಎಳೆತಕ್ಕೂ ತಡೆಯಿತು. ಶಸ್ತ್ರವೈದ್ಯರು ಕಾರ್ಟಿಲೇಜನ್ನು ಅರ್ಧ ಮಿಲಿಮೀಟರಿಗೆ ಸೀಳುವ ಕಾರಣ ಈಗ ಕಣ್ಣಿಗೇ ಕಂಡಿತು. ಫೋಮ್ ಕಾರ್ಟಿಲೇಜ್ ಅಲ್ಲ, ಹಾಗಾಗಿ ಇದರಿಂದ ಡೆಸಿಬಲ್ ಲೆಕ್ಕ ಹಾಕುವುದಿಲ್ಲ.

ಡಬ್ಬಿಯ ತಳಕ್ಕೆ ಸುಮ್ನೆ ಒಂದು ಕೆಂಪು ಚುಕ್ಕೆ ಇಟ್ಟಿದ್ದೆ. ಬಲೂನಿನಾಚೆ ಮಸುಕಾಗಿ ಕಾಣುತ್ತದೆ, ಫೋಮ್ ಹಾಕಿದರೆ ಇಲ್ಲವೇ ಇಲ್ಲ. ಕಾರ್ಟಿಲೇಜಿನ ಹಿಂದೆ ಕೊಲೆಸ್ಟಿಯಟೋಮಾ (ನಡುಗಿವಿಯೊಳಗೆ ಚರ್ಮ ಸೇರಿ ಬೆಳೆಯುವ ಗಂಟು) ಮತ್ತೆ ಬೆಳೆದರೆ ಬೇಗ ಗೊತ್ತಾಗದಿರುವ ತೊಂದರೆ ತೋರಿಸಲು ಆ ಚುಕ್ಕೆ ಅಲ್ಲೇ ಇರಲಿ.

ಪುಟ್ಟ ತೂತಿಗೆ ಕಿವಿ ಹಾಲೆಯ ಕೊಬ್ಬನ್ನು ಬೆಣೆಯಂತೆ ತುರುಕುವ ವಿಧಾನವಿದೆ. ಅದಕ್ಕೆ ಚಿಕ್ಕ ತೂತಿನ ಬೇರೆ ಹಾಳೆ ಬೇಕು. ಅದಕ್ಕೂ ಮೊದಲು 5 ಮಿ.ಮೀ. ಫೋಮನ್ನು ಪಟ್ಟಿಗಳಾಗಿ ಸೀಳಿ ಪಕ್ಕಪಕ್ಕ ಜೋಡಿಸುತ್ತೇನೆ. ಪ್ಯಾಲಿಸೇಡ್ ಅನ್ನುವುದು ಇದನ್ನೇ. ಇಡೀ ಹಲಗೆಗಿಂತ ಪಟ್ಟಿಗಳ ಮೇಲೆ ಉಪ್ಪು ಜಾಸ್ತಿ ಕುಣಿಯುತ್ತದಾ ನೋಡಬೇಕು.