ಕಾಲಡಿಯ 6371 ಕಿಲೋಮೀಟರ್

11 ಫೆಬ್ರವರಿ 2024, ಭಾನುವಾರ
ರಾತ್ರಿ 10.30

ಇವತ್ತು ಮಧ್ಯಾಹ್ನವೆಲ್ಲ ಸ್ಪ್ರಿಂಗ್ ಆಟಿಕೆ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದೆ. ಆ ತುದಿಯಲ್ಲಿ ಮಗಳು, ಈ ತುದಿಯಲ್ಲಿ ನಾನು. ಒಮ್ಮೆ ಮುಂದಕ್ಕೆ ದೂಡಿದರೆ ಸುರುಳಿಗಳು ಒತ್ತಿಕೊಂಡು, ಬಿಚ್ಚಿಕೊಂಡು ಅವಳ ಕೈವರೆಗೂ ಓಡುತ್ತವೆ. ಪಕ್ಕಕ್ಕೆ ಅಲ್ಲಾಡಿಸಿದರೆ ಹಾವಿನ ಹಾಗೆ ಬಳುಕುತ್ತಾ ಹೋಗುತ್ತದೆ. ಭೂಕಂಪ ಆದಾಗ ಭೂಮಿಯೊಳಗೆ ಹಾದುಹೋಗುವುದೂ ಈ ಎರಡು ಥರದ ಅಲೆಗಳೇ. ಒತ್ತುತ್ತಾ ಹೋಗುವುದು ಪಿ ಅಲೆ, ಬಳುಕುತ್ತಾ ಹೋಗುವುದು ಎಸ್ ಅಲೆ.

ಆಮೇಲೆ ಬಕೆಟ್ ನೀರಿಗೆ ಕೈ ಅದ್ದಿ ಪಕ್ಕಕ್ಕೆ ಎಳೆದು ನೋಡಿದೆವು. ನೀರು ಸುಮ್ನೆ ಜಾರಿಕೊಳ್ಳುತ್ತದೆ. ಸ್ಪ್ರಿಂಗ್ ಹಾಗೆ ವಾಪಸ್ ಎಳೆಯುವುದಿಲ್ಲ. ಅದಕ್ಕೇ ದ್ರವದೊಳಗೆ ಎಸ್ ಅಲೆಗೆ ದಾರಿಯಿಲ್ಲ.

ಇಷ್ಟನ್ನು ಇಟ್ಟುಕೊಂಡು ಭೂಮಿಯ ಹೊಟ್ಟೆಯಲ್ಲಿ ಏನಿದೆ ಅಂತ ಕಂಡುಹಿಡಿದರಲ್ಲ, ನೆನೆದರೆ ಮೈ ಜುಮ್ಮೆನ್ನುತ್ತದೆ. ಇಳಿದು ನೋಡಿದವರು ಯಾರೂ ಇಲ್ಲ. ರಷ್ಯಾದ ಕೋಲಾದಲ್ಲಿ 1970ರಲ್ಲಿ ಕೊರೆಯಲು ಶುರು ಮಾಡಿದರು. 1989ರಲ್ಲಿ ಮುಟ್ಟಿದ್ದು 12,262 ಮೀಟರ್. ಅಲ್ಲಿ ಆಗಲೇ 180 ಡಿಗ್ರಿ ಬಿಸಿ. ಭೂಮಿಯ ನಡುಮಧ್ಯಕ್ಕೆ ಇರುವುದು 6371 ಕಿಲೋಮೀಟರ್. ಅವರು ಹೊರಪದರವನ್ನೇ ದಾಟಿರಲಿಲ್ಲ.

ನನಗೆ ಜಾಸ್ತಿ ಇಷ್ಟವಾದವರು ಡೆನ್ಮಾರ್ಕಿನ ಭೂಕಂಪ ವಿಜ್ಞಾನಿ ಇಂಗೆ ಲೇಮನ್. ಭೂಮಿಯ ನಡುವೆ ದ್ರವದ ತಿರುಳಿದೆ ಅಂತ ಅವರ ಕಾಲಕ್ಕೆ ಗೊತ್ತಾಗಿತ್ತು. ಎಸ್ ಅಲೆಗಳು ಅದನ್ನು ದಾಟಿ ಬರುತ್ತಿರಲಿಲ್ಲವಲ್ಲ. ಪಿ ಅಲೆ ದಾಟುತ್ತದೆ, ಆದರೆ ಬಾಗುತ್ತದೆ. ಹಾಗಾಗಿ ಆಚೆ ಬದಿಯಲ್ಲಿ ಒಂದು ಪಟ್ಟಿಯಷ್ಟು ಜಾಗಕ್ಕೆ ಅದೂ ತಲುಪಬಾರದು. ಆದರೆ 1929ರ ನ್ಯೂಜಿಲೆಂಡ್ ಭೂಕಂಪದ ದಾಖಲೆಗಳಲ್ಲಿ ಅಲ್ಲೂ ಸಣ್ಣ ನಡುಕ ಕಾಣಿಸಿತ್ತು. ಅಂಚಿನಲ್ಲಿ ಸುತ್ತಿಕೊಂಡು ಬಂದಿರಬೇಕು ಅಂತ ಬೇರೆಯವರು ಬಿಟ್ಟಿದ್ದರು. ಲೇಮನ್ ಬಿಡಲಿಲ್ಲ. ದ್ರವದೊಳಗೆ ಇನ್ನೊಂದು ಗೋಳ ಇದ್ದರೆ, ಅಲೆ ಅದಕ್ಕೆ ತಾಗಿ ಚಿಮ್ಮಿ ಅಲ್ಲಿಗೆ ಬರಬಹುದು ಅಂತ ಲೆಕ್ಕ ಹಾಕಿ ತೋರಿಸಿದರು. 1936ರ ಆ ಪ್ರಬಂಧಕ್ಕೆ ಇಟ್ಟ ಹೆಸರು ಒಂದೇ ಅಕ್ಷರ, ಪಿ. ಪಕ್ಕದಲ್ಲೊಂದು ಪುಟ್ಟ ಗೀಟು. ಅಷ್ಟು ದೊಡ್ಡ ವಿಷಯಕ್ಕೆ ಅಷ್ಟು ಚಿಕ್ಕ ಹೆಸರು! ಅವರು 104 ವರ್ಷ ಬದುಕಿದ್ದರು ಅಂತ ಓದಿ ಖುಷಿಯಾಯಿತು.

ಆ ಒಳಗೋಳದ ತ್ರಿಜ್ಯ ಸುಮಾರು 1220 ಕಿಲೋಮೀಟರ್. ಬಿಸಿ 5000 ಡಿಗ್ರಿಗೂ ಮೇಲೆ. ಆದರೂ ಕರಗಿಲ್ಲ, ಮೇಲಿನ ಒತ್ತಡ ಅಷ್ಟಿದೆ. ಅಲ್ಲಿರುವುದು ಬಹುಪಾಲು ಕಬ್ಬಿಣ.

"ಅಷ್ಟೊಂದು ಕಬ್ಬಿಣ ಎಲ್ಲಿಂದ ಬಂತಪ್ಪಾ?" ಅಂದಳು ಮಗಳು. ಸುಮಾರು 1380 ಕೋಟಿ ವರ್ಷದ ಹಿಂದೆ, ಮಹಾಸ್ಫೋಟದ ಮೊದಲ ನಿಮಿಷಗಳಲ್ಲಿ ಆಗಿದ್ದು ಹೈಡ್ರೋಜನ್, ಹೀಲಿಯಂ, ಚೂರು ಲಿಥಿಯಂ. ಕಬ್ಬಿಣ ಇರಲೇ ಇಲ್ಲ. ಅದು ಆಮೇಲೆ ನಕ್ಷತ್ರಗಳಲ್ಲಿ ಬೆಂದು, ಅವು ಸಿಡಿದಾಗ ಹೊರಗೆ ಚೆಲ್ಲಿದ್ದು. ಸುಮಾರು 454 ಕೋಟಿ ವರ್ಷದ ಹಿಂದೆ ಹುಟ್ಟಿದ ಭೂಮಿ ಕರಗಿ ಕುದಿಯುತ್ತಿದ್ದಾಗ, ಭಾರವಾದ ಕಬ್ಬಿಣ ತಳಕ್ಕೆ ಇಳಿಯಿತು. ಅವಳ ಕೈಯಲ್ಲಿ ಒಂದು ಮೊಳೆ ಇತ್ತು. "ಇದೂನಾ?" ಅಂದಳು. "ಇದೂ" ಅಂದೆ.

ಮಲಗುವ ಮುಂಚೆ ದಿಕ್ಸೂಚಿ ತೆಗೆದುಕೊಟ್ಟೆ. 2890 ಕಿಲೋಮೀಟರ್ ಕೆಳಗೆ, ಆ ದ್ರವದ ತಿರುಳಿನಲ್ಲಿ ಹರಿದಾಡುತ್ತಿರುವ ಕರಗಿದ ಕಬ್ಬಿಣದಿಂದಲೇ ಭೂಮಿಗೆ ಅಯಸ್ಕಾಂತದ ಬಲ, ಅದೇ ಈ ಮುಳ್ಳನ್ನು ತಿರುಗಿಸುವುದು ಅಂದೆ. ಅವಳು ಡಬ್ಬಿಯನ್ನು ಆ ಕಡೆ, ಈ ಕಡೆ ತಿರುಗಿಸಿದಳು. ಮುಳ್ಳು ಸ್ವಲ್ಪ ತಡವರಿಸಿ, ಮತ್ತೆ ಅಲ್ಲಿಗೇ ಬಂದು ನಿಂತಿತು. ಇನ್ನೊಮ್ಮೆ ತಿರುಗಿಸಿದಳು.