ಅಮೀನ ಬಂದಾಗ ತೋಟಕ್ಕೆ ಓಡಿದ ದೊಡ್ಡಪ್ಪ, ಮತ್ತೆ ವಾಷಿಂಗ್ಟನ್ನಿನ ಸಮನ್ಸು

2025ರ ಸೆಪ್ಟೆಂಬರ್ ಶುರುವಲ್ಲಿ ಅಪ್ಪ ಚಿಕ್ಕಮಗಳೂರಿಂದ ಫೋನ್ ಮಾಡಿದ್ರು, ಹಲೋ ಗಿಲೋ ಏನಿಲ್ಲ, ನೇರವಾಗಿ "ಅದ್ಯಾರೋ ಮಾರಾಯ ಆ ನವಾರೋ ಅಂದ್ರೆ, ಟೀವಿ ಹಾಕಿದ್ರೆ ಅವನದೇ ಮುಖ" ಅಂತ. ಟ್ರಂಪ್ ಭಾರತದ ಮೇಲೆ 50% ಸುಂಕ ಹಾಕಿ ಆಗಿನ್ನೂ ಒಂದು ವಾರ, ಪೀಟರ್ ನವಾರೋ ಅನ್ನೋ ಅವರ ಸಲಹೆಗಾರ ಉಕ್ರೇನ್ ಯುದ್ಧವನ್ನ "ಮೋದಿ ಯುದ್ಧ" ಅಂದು, ಆಮೇಲೆ ರಷ್ಯಾ ಎಣ್ಣೆಯಲ್ಲಿ ಭಾರತದ ಬ್ರಾಹ್ಮಣರು ಲಾಭ ಮಾಡ್ಕೊಳ್ತಿದ್ದಾರೆ ಅಂತ ಬೇರೆ ಹೇಳಿ ಊರೆಲ್ಲ ಫೇಮಸ್ ಆಗಿದ್ದ. ನಾನಂದೆ, ಅಪ್ಪ ಅವನು ಹೋದ ವರ್ಷ ಜೈಲಲ್ಲಿದ್ದೋನು. "ಏನ್ ಕದ್ದಿದ್ದ?" ಏನೂ ಕದ್ದಿಲ್ಲಪ್ಪ, ಪಾರ್ಲಿಮೆಂಟ್‌ನವರು ಸಾಕ್ಷಿ ಹೇಳೋಕೆ ಬಾ ಅಂತ ಕರೆದ್ರೆ ಹೋಗ್ಲಿಲ್ಲ, ಅದಕ್ಕೆ ನಾಲ್ಕು ತಿಂಗಳು. ಅಪ್ಪ ಒಂದು ನಿಮಿಷ ಸುಮ್ಮನಿದ್ದು ಆಮೇಲೆ ಜೋರಾಗಿ ನಕ್ಕರು, "ಹಂಗಾದ್ರೆ ನಿನ್ ದೊಡ್ಡಪ್ಪನ್ನ ಗಲ್ಲಿಗೇ ಹಾಕ್ಬೇಕಿತ್ತಲ್ಲೋ!"

ದೊಡ್ಡಪ್ಪನ ಕಥೆ ನಮ್ಮನೇಲಿ ಎಲ್ಲರಿಗೂ ಬಾಯಿಪಾಠ. ಗಡಿ ಬೇಲಿದೊಂದು ಸಿವಿಲ್ ಕೇಸು, ಎಷ್ಟು ವರ್ಷ ನಡೀತು ಅಂತ ಯಾರಿಗೂ ಲೆಕ್ಕ ಇಲ್ಲ, ಕೋರ್ಟ್ ಅಮೀನ ಸಮನ್ಸ್ ಹಿಡ್ಕೊಂಡು ಗೇಟ್ ಹತ್ರ ಬಂದ ಅಂತ ನಾಯಿ ಬೊಗಳಿದ್ರೆ ಸಾಕು ದೊಡ್ಡಪ್ಪ ಹಿಂದಿನ ಬಾಗಿಲಿಂದ ಕಾಫಿ ತೋಟದೊಳಗೆ ಮಾಯ. ದೊಡ್ಡಮ್ಮ ಅಮೀನನಿಗೆ ಕಾಫಿ ಕೊಟ್ಟು "ಅವರು ಮಂಗ್ಳೂರಿಗೆ ಹೋಗಿದಾರೆ" ಅನ್ನೋರು, ಅವನೂ ಕಾಫಿ ಕುಡಿದು "ಮನೆಯಲ್ಲಿಲ್ಲ" ಅಂತ ಬರ್ಕೊಂಡು ಹೋಗೋನು, ಒಂದ್ಸಲ ಮಾತ್ರ ಬಾಗಿಲಿಗೇ ಅಂಟಿಸಿ ಹೋಗಿದ್ದ. ಸಮನ್ಸ್ ಅಂದ್ರೆ ತಪ್ಪಿಸ್ಕೊಳ್ಳೋಕೇ ಇರೋ ಕಾಗದ ಅಂತ ನಂಬ್ಕೊಂಡು ಬೆಳೆದೋನು ನಾನು. ಹಾಗಾಗಿ ಇಲ್ಲಿ ದೊಡ್ಡ ದೊಡ್ಡವರು ಸಮನ್ಸಿಗೆ ಕ್ಯಾರೇ ಅನ್ನದೆ ಕೂತಾಗ ಸಿಟ್ಟು ಬರೋ ಬದಲು ಮೊದಲು ದೊಡ್ಡಪ್ಪನ ನೆನಪೇ ಬಂತು ನೋಡಿ.

ನಾನಿರೋದು ವರ್ಜೀನಿಯಾದ ಫೇರ್‌ಫ್ಯಾಕ್ಸ್ ಕಡೆ, ಆಫೀಸು ಡಿಸಿಯಲ್ಲಿ, ಜ್ಯುಡಿಷಿಯರಿ ಸ್ಕ್ವೇರ್ ಮೆಟ್ರೋ ಹತ್ರ. 2022ರ ಜುಲೈಲಿ, ಬೆವರಿಗೆ ಅಂಗಿ ಬೆನ್ನಿಗೆ ಅಂಟೋ ಅಂಥ ಸೆಖೆ, ಮಧ್ಯಾಹ್ನ ಊಟಕ್ಕೆ ಹೊರಗೆ ಬಂದ್ರೆ ಕಾನ್‌ಸ್ಟಿಟ್ಯೂಷನ್ ಅವೆನ್ಯೂ ಮೇಲಿರೋ ಫೆಡರಲ್ ಕೋರ್ಟ್ ಮುಂದೆ ಕ್ಯಾಮೆರಾಗಳ ಸಂತೆ. ಟ್ರಂಪ್ ಅವರ ಹಳೇ ಸಲಹೆಗಾರ ಸ್ಟೀವ್ ಬ್ಯಾನನ್ ವಿಚಾರಣೆ ನಡೀತಿತ್ತು. 2021ರ ಜನವರಿ 6ಕ್ಕೆ ಕ್ಯಾಪಿಟಲ್ ಅಂದ್ರೆ ಇಲ್ಲಿನ ಪಾರ್ಲಿಮೆಂಟ್ ಕಟ್ಟಡದ ಮೇಲೆ ಟ್ರಂಪ್ ಬೆಂಬಲಿಗರು ನುಗ್ಗಿದ್ರಲ್ಲ, ಅದರ ತನಿಖೆಗೆ ಹೌಸ್‌ನವರು ಅಂದ್ರೆ ಇಲ್ಲಿನ ಲೋಕಸಭೆಯವರು ಒಂದು ಕಮಿಟಿ ಮಾಡಿದ್ರು, ಆ ಕಮಿಟಿ 2021ರ ಸೆಪ್ಟೆಂಬರಲ್ಲಿ ಬ್ಯಾನನ್‌ಗೆ ಸಬ್‌ಪೀನಾ ಅಂದ್ರೆ ಇಲ್ಲಿನ ಸಮನ್ಸು ಕಳಿಸ್ತು, ಇಂಥ ದಿನ ದಾಖಲೆ ಕೊಡು, ಇಂಥ ದಿನ ಬಂದು ಹೇಳಿಕೆ ಕೊಡು ಅಂತ. ಬ್ಯಾನನ್ ಎರಡೂ ಮಾಡ್ಲಿಲ್ಲ. ಟ್ರಂಪ್ ಅಧ್ಯಕ್ಷರಾಗಿದ್ದೋರು, ಅಧ್ಯಕ್ಷರ ಜೊತೆ ಆಡಿದ ಮಾತು ಗುಟ್ಟು, ಅದನ್ನ ಹೇಳೋ ಹಾಗಿಲ್ಲ ಅನ್ನೋ ವಾದ. ಇದಕ್ಕಿಲ್ಲಿ ಎಕ್ಸಿಕ್ಯುಟಿವ್ ಪ್ರಿವಿಲೇಜ್ ಅಂತಾರೆ. ತಮಾಷೆ ಅಂದ್ರೆ ಬ್ಯಾನನ್ ವೈಟ್ ಹೌಸ್ ಕೆಲಸ ಬಿಟ್ಟಿದ್ದು 2017ರಲ್ಲೇ, ಜನವರಿ 6ರ ಹೊತ್ತಿಗೆ ಅವರು ಪಾಡ್‌ಕಾಸ್ಟ್ ಮಾಡ್ಕೊಂಡಿದ್ದ ಖಾಸಗಿ ಮನುಷ್ಯ!

2021ರ ಅಕ್ಟೋಬರ್ 21ಕ್ಕೆ ಹೌಸ್ 229-202 ವೋಟಲ್ಲಿ ಇದು ಸದನಕ್ಕೆ ಮಾಡಿದ ಅವಮಾನ, ಕಂಟೆಂಪ್ಟ್ ಅಂತ ತೀರ್ಮಾನ ಮಾಡ್ತು. ನಾನು ಅಂದ್ಕೊಂಡಿದ್ದೆ ಅಷ್ಟಾದ್ಮೇಲೆ ಪೊಲೀಸ್ನೋರು ಹೋಗಿ ಎಳ್ಕೊಂಡು ಬರ್ತಾರೆ ಅಂತ, ಹಂಗೇನಿಲ್ಲ. ಸದನ ಬರೀ ದೂರು ಕಳಿಸೋದು, ಕೇಸ್ ಹಾಕೋದು ಬಿಡೋದು ನ್ಯಾಯ ಇಲಾಖೆಗೆ ಬಿಟ್ಟಿದ್ದು. ಈ ಕಾನೂನು 1857ರದ್ದು, ನಮ್ಮಲ್ಲಿ ಸಿಪಾಯಿ ದಂಗೆ ಆದ ವರ್ಷದ್ದು, ತಪ್ಪಾಯ್ತು ಅಂತ ಸಾಬೀತಾದ್ರೆ ಕಡಿಮೆ ಅಂದ್ರೂ ಒಂದು ತಿಂಗಳು, ಜಾಸ್ತಿ ಅಂದ್ರೆ ಒಂದು ವರ್ಷ. ಬ್ಯಾನನ್ ಕೇಸಲ್ಲಿ ಸರಕಾರದ ಕಡೆ ಇದ್ದಿದ್ದು ಎರಡೇ ಸಾಕ್ಷಿ, ಕಮಿಟಿಯ ಲಾಯರ್ ಒಬ್ಬರು, ಎಫ್‌ಬಿಐನವರು ಒಬ್ಬರು, ಬ್ಯಾನನ್ ಕಡೆಯಿಂದ ಯಾರೂ ಇಲ್ಲ. ಕರೆದ್ರಾ? ಕರೆದ್ರು. ಬಂದ್ರಾ? ಬರ್ಲಿಲ್ಲ. ಲಾಯರ್ ಹೇಳಿದ್ರು ಅಂತ ಬರ್ಲಿಲ್ಲ ಅನ್ನೋ ನೆಪವನ್ನ ಇಲ್ಲಿನ ಕೋರ್ಟು ಒಪ್ಪಲ್ಲ, ಅದಕ್ಕೆ 1961ರ ತೀರ್ಪೇ ಇದೆಯಂತೆ. ಜ್ಯೂರಿಗೆ, ಅಂದ್ರೆ ತೀರ್ಪು ಹೇಳೋಕೆ ಕೂರಿಸಿದ್ದ ಸಾಮಾನ್ಯ ಜನಕ್ಕೆ, ಮೂರು ಗಂಟೆನೂ ಬೇಕಾಗ್ಲಿಲ್ಲ, ಜುಲೈ 22ಕ್ಕೆ ಗಿಲ್ಟಿ.

ಆದ್ರೆ ಜೈಲಿಗೆ ಹೋಗಿದ್ದು ಯಾವಾಗ ಗೊತ್ತಾ? 2024ರ ಜುಲೈ 1ಕ್ಕೆ. ಅಪೀಲು, ಅದರ ಮೇಲೊಂದು ಅಪೀಲು, ಸುಪ್ರೀಂ ಕೋರ್ಟು. ಕರೆದ ಕಮಿಟಿ ರಿಪೋರ್ಟ್ ಬರೆದು ಮುಚ್ಕೊಂಡು ಹೋಗಿ ಒಂದೂವರೆ ವರ್ಷ ಆಗಿತ್ತು. ಕನೆಕ್ಟಿಕಟ್‌ನ ಡ್ಯಾನ್‌ಬರಿ ಜೈಲಲ್ಲಿ ನಾಲ್ಕು ತಿಂಗಳು ಇದ್ದು ಅಕ್ಟೋಬರ್ 29ಕ್ಕೆ ಆಚೆ ಬಂದ್ರು, ಎಲೆಕ್ಷನ್‌ಗೆ ಇನ್ನೊಂದು ವಾರ. ಕಮಿಟಿ ಕೇಳಿದ್ದ ಪ್ರಶ್ನೆಗಳಿಗೆ ಮಾತ್ರ ಇವತ್ತಿನವರೆಗೂ ಅವರ ಬಾಯಿಂದ ಉತ್ತರ ಬಂದಿಲ್ಲ, ಯಾಕಂದ್ರೆ ಈ ಶಿಕ್ಷೆ ಬರದೇ ಇದ್ದದ್ದಕ್ಕೆ ಅಷ್ಟೇ, ಬಾಯಿ ಬಿಡಿಸೋಕಲ್ಲ.

ನವಾರೋದು ಇನ್ನೂ ನಾಟಕ. 2022ರ ಜೂನಲ್ಲಿ ರೇಗನ್ ಏರ್‌ಪೋರ್ಟಲ್ಲಿ ವಿಮಾನ ಹತ್ತೋಕೆ ಹೋಗ್ತಿದ್ದಾಗ ಹಿಡಿದ್ರು, ನನ್ನ ಮನೆ ಎಫ್‌ಬಿಐ ಆಫೀಸಿನ ಪಕ್ಕದಲ್ಲೇ ಇದೆ, ಒಂದು ಫೋನ್ ಮಾಡಿದ್ರೆ ನಾನೇ ಬರ್ತಿದ್ದೆ, ಕಾಲಿಗೆ ಸರಪಳಿ ಹಾಕ್ಬೇಕಿತ್ತಾ ಅಂತ ಆಮೇಲೆ ಕೋರ್ಟಲ್ಲಿ ಗಲಾಟೆ. (ಕಮಿಟಿನೂ ಕರೆದಿತ್ತಲ್ಲ ಸ್ವಾಮಿ, ಅದಕ್ಕೆ ಹೋಗ್ಬಹುದಿತ್ತು.) ಇದನ್ನ ಅಪ್ಪನಿಗೆ ಹೇಳಿದಾಗ ಅವರಿಗೆ ಬಹಳ ಖುಷಿ ಆಗಿದ್ದು ಜಡ್ಜ್ ಯಾರು ಅನ್ನೋದು. ಅಮಿತ್ ಮೆಹ್ತಾ, ಗುಜರಾತಿನ ಪಾಟಣ್‌ನಲ್ಲಿ ಹುಟ್ಟಿದೋರು. ನವಾರೋನೂ ಅದೇ ಪ್ರಿವಿಲೇಜ್ ವಾದ ಹಿಡ್ಕೊಂಡು ಬಂದಾಗ, ಟ್ರಂಪ್ ನಿಜವಾಗಿ ಹೋಗ್ಬೇಡ ಅಂತ ಹೇಳಿದ್ರು ಅನ್ನೋದಕ್ಕೆ ಪುರಾವೆ ಎಲ್ಲಿ ಅಂತ ಕೇಳಿ, ಇಲ್ಲ ಅಂತ ಕಂಡ್ಮೇಲೆ ಆ ವಾದಾನೇ ತಳ್ಳಿ ಹಾಕಿದ್ರು. 2024ರ ಮಾರ್ಚ್ 19ಕ್ಕೆ ಮಯಾಮಿಯಲ್ಲಿ ಒಳಗೆ, ಜುಲೈ 17ಕ್ಕೆ ಹೊರಗೆ, ಅವತ್ತೇ ಸಾಯಂಕಾಲ ಮಿಲ್ವಾಕಿಯಲ್ಲಿ ರಿಪಬ್ಲಿಕನ್ ಸಮಾವೇಶದ ವೇದಿಕೆ ಮೇಲೆ! ಜನ ಎದ್ದು ನಿಂತು ಚಪ್ಪಾಳೆ. ನಾನು ಟೀವಿ ಮುಂದೆ ಊಟದ ತಟ್ಟೆ ಹಿಡ್ಕೊಂಡು ಕೂತಿದ್ದೋನು ಸಾರು ಆರಿ ಹೋಗೋವರೆಗೂ ನೋಡ್ತಾನೇ ಇದ್ದೆ, ನಮ್ಮೂರಲ್ಲಿ ಜಾಮೀನು ಸಿಕ್ಕಿ ಬಂದ ಲೀಡರಿಗೆ ಸೇಬಿನ ಹಾರ ಹಾಕ್ತಾರಲ್ಲ, ಥೇಟ್ ಅದೇ.

ಹಂಗಂತ ಬರದೇ ಇದ್ದೋರೆಲ್ಲ ಸಿಕ್ಕಿಬಿದ್ರು ಅಂದ್ಕೋಬೇಡಿ. ಮಾರ್ಕ್ ಮೆಡೋಸ್ ಆಗ ಟ್ರಂಪ್ ಅವರ ಚೀಫ್ ಆಫ್ ಸ್ಟಾಫ್, ಅಂದ್ರೆ ವೈಟ್ ಹೌಸ್ ಸಿಬ್ಬಂದಿ ಮುಖ್ಯಸ್ಥ ಆಗಿದ್ದೋರು, ಸಾವಿರಾರು ಮೆಸೇಜ್ ಕಮಿಟಿಗೆ ಕೊಟ್ಟು ಆಮೇಲೆ ಇನ್ನು ಆಗಲ್ಲ ಅಂತ ಕೂತ್ರು, ಹೌಸ್ ಕಂಟೆಂಪ್ಟ್ ಅಂದ್ರೂ ನ್ಯಾಯ ಇಲಾಖೆ ಕೇಸ್ ಹಾಕ್ಲಿಲ್ಲ. ಅವರ ಕೈಕೆಳಗಿದ್ದ ಡ್ಯಾನ್ ಸ್ಕವೀನೋ ಮೇಲೂ ಹಾಕ್ಲಿಲ್ಲ. ನನಗೆ ಜಾಣತನ ಅನ್ಸಿದ್ದು ಟ್ರಂಪ್ ಕಾಲದಲ್ಲಿ ನ್ಯಾಯ ಇಲಾಖೆ ಅಧಿಕಾರಿ ಆಗಿದ್ದ ಜೆಫ್ರಿ ಕ್ಲಾರ್ಕ್ ಅನ್ನೋರದ್ದು. ಮೊದಲು ಹಠ ಹಿಡಿದ್ರು, ಇನ್ನೇನು ಕಂಟೆಂಪ್ಟ್ ಆಗತ್ತೆ ಅನ್ನೋ ಹೊತ್ತಿಗೆ ಬಂದು ಕೂತ್ಕೊಂಡು 100ಕ್ಕೂ ಹೆಚ್ಚು ಸಲ "ಐದನೇ ತಿದ್ದುಪಡಿ ಪ್ರಕಾರ ಉತ್ತರ ಕೊಡಲ್ಲ" ಅಂದು ಎದ್ದು ಹೋದ್ರು. ಅದಕ್ಕೇನೂ ಮಾಡೋಕಾಗಲ್ಲ, ನನ್ನ ಮೇಲೆ ನಾನೇ ಸಾಕ್ಷಿ ಹೇಳಲ್ಲ ಅನ್ನೋದು ಹಕ್ಕು, ಆದ್ರೆ ಅದನ್ನ ಕುರ್ಚಿ ಮೇಲೆ ಬಂದು ಕೂತೇ ಹೇಳ್ಬೇಕು. ದೊಡ್ಡಪ್ಪನಿಗೆ ಇದು ಗೊತ್ತಿದ್ದಿದ್ರೆ ಜಿಗಣೆ ಕಚ್ಚಿಸ್ಕೊಂಡು ತೋಟದಲ್ಲಿ ಕೂರೋದು ತಪ್ತಿತ್ತೇನೋ.

ಇನ್ನೊಂದು ಮಜಾ. ಅದೇ ಕಮಿಟಿ 2022ರ ಮೇ ತಿಂಗಳಲ್ಲಿ ಐದು ಜನ ರಿಪಬ್ಲಿಕನ್ ಸಂಸದರಿಗೂ ಸಬ್‌ಪೀನಾ ಕೊಟ್ಟಿತ್ತು, ಅದರಲ್ಲಿ ಜಿಮ್ ಜೋರ್ಡನ್ ಒಬ್ಬರು, ಅವರು ಹೋಗ್ಲೇ ಇಲ್ಲ. 2023ಕ್ಕೆ ಬಹುಮತ ಬದಲಾಗಿ ಅದೇ ಜೋರ್ಡನ್ ಜ್ಯುಡಿಷಿಯರಿ ಕಮಿಟಿ ಅಧ್ಯಕ್ಷರಾದ್ರು, ಈಗ ಬೇರೆಯವರಿಗೆ ಸಬ್‌ಪೀನಾ ಕಳಿಸೋ ಸರದಿ ಅವರದ್ದು! 2024ರ ಜೂನಲ್ಲಿ ಹೌಸ್ 216-207 ವೋಟಲ್ಲಿ ಬೈಡನ್ ಸರಕಾರದ ಅಟಾರ್ನಿ ಜನರಲ್ ಮೆರಿಕ್ ಗಾರ್ಲೆಂಡ್ ಅವರನ್ನೇ ಕಂಟೆಂಪ್ಟ್ ಅಂತು, ತನಿಖೆಯೊಂದರಲ್ಲಿ ಬೈಡನ್ ಅವರನ್ನ ಪ್ರಶ್ನೆ ಮಾಡಿದ್ದರ ಆಡಿಯೋ ಕೊಡ್ಲಿಲ್ಲ ಅಂತ. ಕೇಸ್ ಹಾಕ್ಬೇಕಾದ್ದು ಯಾರು? ಗಾರ್ಲೆಂಡ್ ಅವರ ಇಲಾಖೆನೇ. ಹಾಕ್ತಾರಾ? 2012ರಲ್ಲಿ ಒಬಾಮಾ ಕಡೆಯ ಅಟಾರ್ನಿ ಜನರಲ್ ಎರಿಕ್ ಹೋಲ್ಡರ್‌ಗೂ ಹೀಗೇ ಆಗಿತ್ತು, 2019ರಲ್ಲಿ ಟ್ರಂಪ್ ಕಡೆಯ ಅಟಾರ್ನಿ ಜನರಲ್ ವಿಲಿಯಂ ಬಾರ್‌ಗೂ ಹೀಗೇ, ಅಧಿಕಾರದಲ್ಲಿರೋ ಮಂತ್ರಿಗೆ ಇದರಿಂದ ಏನೂ ಆಗಲ್ಲ. ಮುಂಚೆ ಸದನವೇ ತನ್ನ ಸಾರ್ಜೆಂಟ್ ಅನ್ನೋ ಕಾವಲು ಅಧಿಕಾರಿನ ಕಳಿಸಿ ಹಿಡ್ಕೊಂಡು ಬರೋ ಪದ್ಧತಿ ಇತ್ತಂತೆ, 1930ರ ದಶಕದಲ್ಲಿ ಮೆಕ್ರಾಕನ್ ಅನ್ನೋ ಲಾಯರಿಗೆ ಸೆನೆಟ್ ತಾನೇ 10 ದಿನ ಜೈಲು ಹಾಕಿತ್ತು, ಅದಾದ್ಮೇಲೆ ಆ ಅಸ್ತ್ರ ತುಕ್ಕು ಹಿಡೀತು. ಗಾರ್ಲೆಂಡ್‌ಗೆ ದಿನಕ್ಕೆ 10,000 ಡಾಲರ್ ದಂಡ ಹಾಕೋಣ ಅಂತ ಒಬ್ಬ ಸಂಸದೆ ಅದನ್ನ ಎಬ್ಬಿಸೋಕೆ ನೋಡಿದ್ರು, 204-210ರಲ್ಲಿ ಬಿದ್ದು ಹೋಯ್ತು.

ಇದನ್ನೆಲ್ಲ ಹೇಳಿ ನಾನು ಅಪ್ಪನ ಹತ್ರ, ಏನ್ ಸದನಾನಪ್ಪ ಇದು, ಕರೆದೋರನ್ನ ಹಿಡ್ಕೊಂಡು ಬರೋಕೂ ಆಗ್ದೇ ಇರೋದು ಅಂತ ಗೊಣಗಿದೆ. ಅದಕ್ಕೆ ಅಪ್ಪ ಹೇಳಿದ್ದು: "ಹಿಡಿಯೋಕಾಗೋ ಸದನಾನೂ ನಾವು ನೋಡಿದೀವಲ್ಲೋ. ನಮ್ ಎಂಪಿನೇ ಹಿಡಿದು ಹಾಕಿದ್ರಲ್ಲ."

1978. ತುರ್ತುಪರಿಸ್ಥಿತಿ ಆಗಿ ಸೋತಿದ್ದ ಇಂದಿರಾಗಾಂಧಿ ಚಿಕ್ಕಮಗಳೂರಿಗೆ ಬಂದು ಉಪಚುನಾವಣೆಗೆ ನಿಂತಿದ್ದು, ಡಿ.ಬಿ. ಚಂದ್ರೇಗೌಡ್ರು ಸೀಟ್ ಬಿಟ್ಟುಕೊಟ್ಟಿದ್ದು, ಎದುರಿಗೆ ವೀರೇಂದ್ರ ಪಾಟೀಲ್ರು, ಇದೆಲ್ಲ ನಮ್ಮೂರಿನ ಹಳಬರಿಗೆ ನಿನ್ನೆ ಮೊನ್ನೆ ಆದಂಗೆ. ಅಪ್ಪನಿಗೆ ಆಗ 22, ಭಾಷಣ ಕೇಳೋಕೆ ಲಾರಿ ಹತ್ಕೊಂಡು ಹೋಗಿದ್ರಂತೆ, ಕಂಡಿದ್ದು ಬರೀ ಕೈ ಬೀಸೋದು. ಇಂದಿರಮ್ಮ 77,000ಕ್ಕೂ ಹೆಚ್ಚು ಮತದಿಂದ ಗೆದ್ದಿದ್ದು ನವೆಂಬರಲ್ಲಿ, ಡಿಸೆಂಬರ್ 19ಕ್ಕೆ ಲೋಕಸಭೆ ವೋಟ್ ಹಾಕಿ ಸದಸ್ಯತ್ವಾನೂ ತೆಗೆದು ತಿಹಾರ್ ಜೈಲಿಗೂ ಕಳಿಸ್ತು. ಆರೋಪ ಏನು ಅಂದ್ರೆ, ಅವರು ಪ್ರಧಾನಿ ಆಗಿದ್ದಾಗ ಮಾರುತಿ ಕಂಪನಿ ಬಗ್ಗೆ ಲೋಕಸಭೆಯಲ್ಲಿ ಕೇಳಿದ ಪ್ರಶ್ನೆಗೆ ಮಾಹಿತಿ ಕಲೆಹಾಕ್ತಿದ್ದ ಅಧಿಕಾರಿಗಳಿಗೆ ಅಡ್ಡಿ ಮಾಡಿ ಕಿರುಕುಳ ಕೊಟ್ರು ಅನ್ನೋದು. ಹಕ್ಕುಬಾಧ್ಯತಾ ಸಮಿತಿ ಕರೆದಾಗ ಅವರು ಪ್ರಮಾಣ ಮಾಡಿ ಸಾಕ್ಷಿ ಹೇಳೋಕೆ ಒಪ್ಪಲಿಲ್ಲ, ನನ್ನ ಮೇಲೆ ಬೇರೆ ಕೇಸುಗಳಿವೆ, ನನ್ನ ವಿರುದ್ಧ ನಾನೇ ಹೇಳೋ ಹಾಗಿಲ್ಲ ಅಂತ. ಅಂದ್ರೆ ಕ್ಲಾರ್ಕ್ ವಾದಾನೇ, ಇಲ್ಲಿಗಿಂತ 40 ವರ್ಷ ಮುಂಚೆ. ಸಮಿತಿ ಅದನ್ನೂ ತಪ್ಪಿನ ಲೆಕ್ಕಕ್ಕೇ ಸೇರಿಸ್ತು. ಅಧಿವೇಶನ ಮುಗಿದ ಮೇಲೆ, ಡಿಸೆಂಬರ್ 26ಕ್ಕೆ ಬಿಟ್ರು. ಅಪೀಲಿಲ್ಲ, ಜ್ಯೂರಿ ಇಲ್ಲ. ಆಮೇಲೆ ಅವರು ಗೆದ್ದು ಬಂದ್ರಲ್ಲ, 1981ರಲ್ಲಿ ಹೊಸ ಲೋಕಸಭೆ ಆ ತೀರ್ಮಾನಾನೇ ರದ್ದು ಮಾಡ್ತು. (1980ರಲ್ಲಿ ನಿಂತಿದ್ದು ರಾಯ್‌ಬರೇಲಿ, ಮೇದಕ್ಕು. ನಮ್ಮ ಕಡೆ ತಿರುಗಿ ನಿಲ್ಲಲಿಲ್ಲ, ಅಪ್ಪನಿಗೆ ಆ ಬೇಜಾರು ಈಗ್ಲೂ ಇದೆ.)

ಇಂದಿರಮ್ಮ ಮಾಡಿದ್ದು ಸರಿ ಅಂತ ನಾನು ಹೇಳ್ತಿಲ್ಲ, ಅಪ್ಪನೂ ಹೇಳಲ್ಲ, ಎಮರ್ಜೆನ್ಸೀಲಿ ಏನಾಯ್ತು ಅಂತ ಅವರಿಗೆ ಚೆನ್ನಾಗಿ ಗೊತ್ತು. ಆದ್ರೆ ಎದುರಾಳಿಗಳೇ ತುಂಬಿರೋ ಸದನ ಕೈ ಎತ್ತಿ ಜೈಲು ಅಂದ್ರೆ ಅದು ಎಂಥ ವಿಚಾರಣೆ? 2017ರಲ್ಲಿ ನಮ್ಮ ವಿಧಾನಸಭೆನೂ ಇಬ್ಬರು ಪತ್ರಿಕಾ ಸಂಪಾದಕರಿಗೆ ಹಕ್ಕುಚ್ಯುತಿ ಅಂತ ಒಂದು ವರ್ಷ ಜೈಲು, 10,000 ರೂಪಾಯಿ ದಂಡ ಘೋಷಣೆ ಮಾಡ್ತು, ದೂರು ಕೊಟ್ಟೋರೂ ಶಾಸಕರೇ ತೀರ್ಪು ಕೊಟ್ಟೋರೂ ಶಾಸಕರೇ. ಅದನ್ನ ನೆನೆಸ್ಕೊಂಡ್ರೆ ಬ್ಯಾನನ್ ಕೇಸು ಮೂರು ವರ್ಷ ಎಳೆದ್ರೂ ಪರವಾಗಿಲ್ಲ, ರಾಜಕೀಯದಲ್ಲಿಲ್ಲದ 12 ಜನ ಕೂತು ಕೇಳಿ ಹೇಳಿದ್ರಲ್ಲ ಅನ್ಸತ್ತೆ. ಇಲ್ಲಿನ ಗೆಳೆಯರು ಇದನ್ನ ಒಪ್ಪಲ್ಲ, ಕಾನೂನು ಕೈಗೆ ಸಿಕ್ಕೋರಿಗೆ ಮಾತ್ರ ಅಂತ ಆಯ್ತಲ್ಲ ಅಂತಾರೆ, ಅದೂ ಸುಳ್ಳಲ್ಲ. 2025ರ ಆಗಸ್ಟಲ್ಲಿ ನವಾರೋ ಅಪೀಲಿನಲ್ಲಿ ಸರಕಾರದ ವಕೀಲರೇ ಹಿಂದಿನ ವಾದ ನಾವು ಮುಂದುವರಿಸಲ್ಲ ಅಂದ್ರು. ಜೈಲಿಗೆ ಹೋಗಿ ಬಂದಾದ್ಮೇಲೆ!

ಅಂದಹಾಗೆ ನನಗೂ ಹೋದ ವರ್ಷ ಒಂದು ಸಮನ್ಸ್ ಬಂದಿತ್ತು, ಸಿಟಿಜನ್ ಆದ್ಮೇಲೆ ಬರೋ ಜ್ಯೂರಿ ಡ್ಯೂಟಿದು. ಕವರ್ ಮೇಲೆ ಕೋರ್ಟ್ ಹೆಸರು ನೋಡಿ ಎದೆ ಧಸಕ್ ಅಂತು, ನಾಲ್ಕು ಸಲ ಓದಿದೆ, ಶರ್ಟ್ ಇಸ್ತ್ರಿ ಮಾಡಿಟ್ಟೆ, ಹಿಂದಿನ ರಾತ್ರಿ ಫೋನ್ ಮಾಡಿ ಕೇಳಿದ್ರೆ ನಿಮ್ಮ ನಂಬರಿನವರು ಬರೋದು ಬೇಡ ಅಂತ ರೆಕಾರ್ಡಿಂಗ್. ಅಪ್ಪನಿಗೆ ಹೇಳಿದೆ. "ಅಮೀನ ಮನೆಗೆ ಬಂದಿದ್ನಾ?" ಇಲ್ಲಪ್ಪ, ಪೋಸ್ಟಲ್ಲಿ ಹಾಕಿದ್ರು. "ಥೂ, ಒಂದು ಲೋಟ ಕಾಫಿನೂ ಕೊಡೋಕಾಗ್ಲಿಲ್ವಾ ಹಂಗಾದ್ರೆ" ಅಂದು, ಆಳುಗಳು ಬಂದ್ರು, ತೋಟಕ್ಕೆ ಹೋಗ್ಬೇಕು ಅಂತ ಫೋನ್ ಇಟ್ರು.